ಎದುರಿನ ಕೊಳವೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ರೀ,

ಪತ್ರದಲ್ಲಿ ನಿಮ್ಮನ್ನು ಏನೆಂದು ಕರೆಯುವುದೋ ತೋಚದೆ ಒಂದು ಹಾಳೆ ಹರಿದು ಹಾಕಿದೆ. ಇಷ್ಟು ವರ್ಷ ಅಡುಗೆಮನೆಯಿಂದ ಕೂಗಿದ ಹಾಗೆಯೇ ಕೂಗುತ್ತಿದ್ದೇನೆ, ಓಗೊಡಿ. ಹೇಗಿದ್ದೀರಿ? ಬಿ.ಪಿ. ಮಾತ್ರೆ ತಿಂಡಿಗೆ ಮುಂಚೆಯೋ ಆಮೇಲೋ ಎಂದು ದಿನಾ ನಿಮ್ಮಕ್ಕನನ್ನು ಕೇಳುತ್ತೀರಂತೆ. ಆಮೇಲೆ. ಒಂದು ಲೋಟ ಪೂರ್ತಿ ನೀರಿನ ಜೊತೆ, ಗುಟುಕು ನೀರಲ್ಲಿ ಅಲ್ಲ. ನಿದ್ದೆ ಬರುತ್ತಿದೆಯೇ? ಅತ್ತಿಗೆಯ ಮನೆಯ ಹಿಂದಿನ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಗಾಳಿ ನೇರ ಮಂಚಕ್ಕೇ ಬಡಿಯುತ್ತದೆ. ಮಂಚವನ್ನು ಬೀರುವಿನ ಕಡೆಗೆ ಎಳೆದುಕೊಳ್ಳಿ. ನನಗೇನೂ ಆಗಿಲ್ಲ. ಮಂಡಿನೋವು ಇದ್ದಲ್ಲೇ ಇದೆ. ಬಿಟ್ಟು ಹೋಗುವ ಸ್ವಭಾವ ಅದಕ್ಕಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡಿ. ಫೋನು ಮಾಡಿದರೆ ‘ಹೂಂ, ಸರಿ, ತಗೋ, ಅಕ್ಕ ಮಾತಾಡ್ತಾಳೆ’ ಎಂದು ದಾಟಿಸಿಬಿಡುತ್ತೀರಿ. ಹತ್ತು ದಿನ ಇದ್ದು ಬರುತ್ತೇನೆಂದು ಹೋದವರು ಅರ್ಧ ವರ್ಷ ಕಳೆದರೂ ಬರಲಿಲ್ಲ. ಈ ಅರ್ಧ ವರ್ಷದಲ್ಲಿ ನಾನು ನಿಮಗಿಂತ ನಿಮ್ಮಕ್ಕನ ಜೊತೆಯೇ ಹೆಚ್ಚು ಮಾತಾಡಿದ್ದೇನೆ. ಅವರು ಒಳ್ಳೆಯವರೇ. ಆದರೆ ನಾನು ಮದುವೆಯಾದದ್ದು ಅವರನ್ನಲ್ಲ.

ಇಲ್ಲಿನ ಸುದ್ದಿ ಅದೇ. ಎಲ್ಲ ವಿಭಾಗಗಳಿಗೂ ಸೇರಿದ ಪ್ರಯೋಗಾಲಯ ಎಂದರೆ ಯಾರಿಗೂ ಸೇರದ ಪ್ರಯೋಗಾಲಯ ಎಂದು ನೀವು ಹೇಳುತ್ತಿದ್ದಿರಿ. ಅದರ ಉಸ್ತುವಾರಿ ಹೊತ್ತವಳು ಮಾತ್ರ ಎಲ್ಲರಿಗೂ ಸೇರಿದವಳು ಎಂದು ಹೇಳಲಿಲ್ಲ. ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಬಾಗಿಲ ಹೊರಗೆ ಇಬ್ಬರು ಜಗಳವಾಡುತ್ತ ನಿಂತಿರುತ್ತಾರೆ. ಸೂಕ್ಷ್ಮದರ್ಶಕಕ್ಕೆ ಬುಕ್ ಮಾಡಿದವರು ಬರುವುದಿಲ್ಲ, ಬಂದವರು ಬುಕ್ ಮಾಡಿರುವುದಿಲ್ಲ. ಕೈಗವಸು ಕಳಚದೆ ಬಾಗಿಲ ಹಿಡಿ ಮುಟ್ಟಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಮೊನ್ನೆ ಒಬ್ಬ ಮಹಾಶಯ ಕೈಗವಸು ಹಾಕಿಕೊಂಡೇ ಬಿಸ್ಕತ್ತು ತಿನ್ನುತ್ತಿದ್ದ. ಏನಪ್ಪಾ ಇದು ಎಂದರೆ, ‘ಗ್ಲೌಸ್ ಹೊಸದು ಮೇಡಂ’ ಅಂದ. ಇನ್ನೊಬ್ಬ ಗೆಳೆಯನ ಕಾರ್ಡು ಕಡ ತಂದು ಯಂತ್ರ ಆನ್ ಮಾಡಲು ಹೊರಟಿದ್ದ. ಹಲ್ಲುಜ್ಜುವ ಬ್ರಷ್ಷನ್ನೂ ಹೀಗೇ ಕಡ ತರ್ತೀಯಾ ಎಂದು ಕೇಳಿದೆ. ನಕ್ಕ. ನನಗೆ ನಗು ಬರಲಿಲ್ಲ. ಈಚೆಗೆ ಹಾಗಾಗಿದೆ, ನನ್ನ ತಮಾಷೆಗೆ ನಾನೊಬ್ಬಳೇ ನಗುವುದಿಲ್ಲ.

ತರಬೇತಿಯಾದವರು ಮತ್ತೊಬ್ಬರಿಗೆ ತಾವೇ ಕಲಿಸುವ ಹಾಗಿಲ್ಲ ಎಂಬ ನಿಮ್ಮ ನಿಯಮ ಎಷ್ಟು ಸರಿ ಎಂಬುದು ಈಗ ಅರ್ಥವಾಗುತ್ತಿದೆ. ಒಬ್ಬಳಿಗೆ ಅವಳ ಸೀನಿಯರ್ ಹೇಳಿಕೊಟ್ಟಳಂತೆ, ಆ ಸೀನಿಯರ್‌ಗೆ ಅವಳ ಸೀನಿಯರ್. ಹೀಗೆ ಕೈಯಿಂದ ಕೈಗೆ ಬಂದು ಇವಳಿಗೆ ಆನ್ ಮಾಡುವುದು ಮಾತ್ರ ತಲುಪಿತ್ತು, ಆಫ್ ಮಾಡುವುದು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಅವಳನ್ನು ಕೂರಿಸಿಕೊಂಡು ಮೊದಲಿಂದ ಹೇಳಿಕೊಟ್ಟೆ. ಹೀಗೆ ಸೂಕ್ಷ್ಮದರ್ಶಕದ ಪಾಠ ನನ್ನದು, ಡೀಪ್ ಫ್ರೀಜರಿನ ಪಾಠ ನನ್ನದು, ಉಳಿದ ಸಣ್ಣಪುಟ್ಟ ಯಂತ್ರಗಳ ಪಾಠವೂ ನನ್ನದೇ. ಕೊಳವೆಗಳನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್, ನಮ್ಮ ಗಿರಗಿಟ್ಲೆಯದು ಮಾತ್ರ ಪಿಸುಮಾತಿಗೆ ಬಿಟ್ಟಿದ್ದೇನೆ. ನನಗೆ ಪುರುಸೊತ್ತಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ.

ಹೌದು, ಪಿಸುಮಾತೇ. ಬಾಯಿ ಬಿಟ್ಟರೆ ಪಕ್ಕದಲ್ಲಿದ್ದವರಿಗೂ ಕೇಳಿಸದು ಎಂದು ನೀವು ಹೆಸರಿಟ್ಟಿದ್ದಿರಲ್ಲ, ನಿಮ್ಮ ಆ ವಿದ್ಯಾರ್ಥಿನಿ. ಕೊಳವೆಗಳನ್ನು ಹಿಡಿದು ತಿರುಗುವ ರೋಟರ್ ಹೊಸದು ಹಾಕಿ ಯಂತ್ರ ಸರಿಮಾಡಲು ಕಂಪನಿಯ ಎಂಜಿನಿಯರ್ ಬಂದಾಗ ಮೊದಲು ಕಲಿತವಳು ಅವಳೇ. ಅವಳು ಆ ಕೋಣೆಗೆ ಮತ್ತೆ ಕಾಲಿಡುವುದಿಲ್ಲ ಎಂದುಕೊಂಡಿದ್ದೆ. ಇಟ್ಟಳು. ಈಗ ಪಾಠ ಮಾಡುವಾಗ ಅವಳ ದನಿ ಕಾರಿಡಾರಿನ ಕೊನೆಯವರೆಗೆ ಕೇಳಿಸುತ್ತದೆ. ಹೆಸರು ಬದಲಿಸಬೇಕು, ನೀವೇ ಬಂದು ಬದಲಿಸಿ. ಅವಳ ಕಿವಿ ಚೆನ್ನಾಗಿದೆ. ಯಂತ್ರ ಒಡೆದ ವಾರವೂ ಅದು ಚೆನ್ನಾಗಿಯೇ ಇತ್ತು, ನಾನು ನಿಮಗೆ ಹೇಳಿದ್ದೆ, ನೀವು ನಂಬಲಿಲ್ಲ.

ಆ ದಿನದ ಮಾತು ಎತ್ತಬೇಡ ಎಂದು ಅತ್ತಿಗೆ ಹೇಳಿದ್ದಾರೆ. ಎತ್ತುತ್ತೇನೆ. ಎತ್ತದೆ ಎತ್ತದೆಯೇ ಇಲ್ಲಿಗೆ ಬಂದು ನಿಂತಿದ್ದೇವೆ. ಗಿರಗಿಟ್ಲೆಯಲ್ಲಿ ಎದುರುಬದುರು ಇಡುವ ಕೊಳವೆಗಳ ತೂಕ ಒಂದೇ ಇರಬೇಕು ಎಂಬುದು ಮೊದಲ ದಿನದ ಮೊದಲ ಪಾಠ. ಒಂದು ಕೊಳವೆಯಲ್ಲಿ ಗಟ್ಟಿ ಸಕ್ಕರೆ ದ್ರಾವಣ ಇತ್ತು, ಅದರ ಎದುರಿನದಕ್ಕೆ ನೀವು ಬರೀ ನೀರು ತುಂಬಿದಿರಿ. ಎರಡೂ ಒಂದೇ ಗೆರೆಗೆ ಬಂದವು, ಕಣ್ಣಿಗೆ ಸಮ ಕಂಡವು, ತಕ್ಕಡಿಗೆ ಇಡಲಿಲ್ಲ. ‘ಕಣ್ಣನ್ನ ನಂಬಬೇಡಿ, ತಕ್ಕಡೀನ ನಂಬಿ’ ಎಂದು ಬಂದವರಿಗೆಲ್ಲ ಹೇಳಿ ಹೇಳಿ, ಕೊನೆಗೆ ನಿಮ್ಮ ಕಣ್ಣು ತಕ್ಕಡಿಯೇ ಆಗಿಬಿಟ್ಟಿದೆ ಎಂದು ನಿಮಗೇ ಅನ್ನಿಸಿರಬೇಕು. ಇದು ಹೊಸಬರು ಮಾಡುವ ತಪ್ಪಲ್ಲ ರೀ. ಹೊಸಬರು ಹೆದರಿ ಮೂರು ಸಲ ತೂಗುತ್ತಾರೆ. ಇದು ಹಳಬರೇ ಮಾಡುವ ತಪ್ಪು, ಹಳಬರಿಗೆ ಮಾತ್ರ ಸಾಧ್ಯವಾಗುವ ತಪ್ಪು.

ವೇಗ ಏರುತ್ತಿದ್ದಂತೆ ಯಂತ್ರ ಕುಣಿಯತೊಡಗಿತು, ನೀವು ಗುಂಡಿ ಒತ್ತುವಷ್ಟರಲ್ಲಿ ಒಳಗೆ ರೋಟರ್ ಒಡೆಯಿತು, ಅಷ್ಟು ಭಾರದ ಯಂತ್ರ ನೆಲದ ಮೇಲೆ ಜಾರಿ ಗೋಡೆಗೆ ಗುದ್ದಿತು. ಪಕ್ಕದ ಕೋಣೆಯಿಂದ ನಾನು ಓಡಿ ಬಂದಾಗ ಪಿಸುಮಾತು ಕಿವಿ ಮುಚ್ಚಿಕೊಂಡು ನೆಲದಲ್ಲಿ ಕೂತಿದ್ದಳು. ನೀವು ಮುಚ್ಚಳದ ಮೇಲೆ ಎರಡೂ ಕೈ ಇಟ್ಟು, ಅದು ಇನ್ನೂ ತೆರೆದುಕೊಂಡೀತು ಎಂಬ ಹಾಗೆ ಒತ್ತಿ ಹಿಡಿದಿದ್ದಿರಿ. ಮುಚ್ಚಳ ಗಟ್ಟಿಯಾಗಿತ್ತು, ಒಂದು ಚೂರೂ ಹೊರಗೆ ಬರಲಿಲ್ಲ. ‘ಅವಳ ಕಿವಿ ನೋಡು, ಮೊದಲು ಅವಳ ಕಿವಿ ನೋಡು’ ಎಂದಿರಿ. ಆ ವಾರವೇ ಚೀಲ ತುಂಬಿಕೊಂಡು ಅಕ್ಕನ ಮನೆಗೆ ಹೊರಟಿರಿ.

ಬಾಗಿಲ ಪಕ್ಕ ನೀವು ಅಂಟಿಸಿದ ನಿಯಮಗಳಲ್ಲಿ ಕೊನೆಯದು ನೆನಪಿದೆಯೇ? ಏನಾದರೂ ಮುರಿದರೆ ಕೂಡಲೇ ಹೇಳಬೇಕು; ಹೇಳಿದವರಿಗೆ ಶಿಕ್ಷೆಯಿಲ್ಲ, ಮತ್ತೊಮ್ಮೆ ತರಬೇತಿ ಅಷ್ಟೇ. ಆ ಸಾಲಿಗಾಗಿ ಸಮಿತಿಯಲ್ಲಿ ನೀವು ಎಷ್ಟು ಗುದ್ದಾಡಿದಿರಿ. ಶಿಕ್ಷೆ ಇದ್ದರೆ ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ಮುಂದಿನವನ ಕೈ ಹೋಗುತ್ತದೆ ಎಂದು ವಾದಿಸಿದಿರಿ. ರಸಾಯನ ವಿಭಾಗದ ಆ ಉದ್ದನೆಯವನು ಸೂಕ್ಷ್ಮದರ್ಶಕದ ಮಸೂರ ಒಡೆದು, ಓದು ಬಿಟ್ಟು ಮನೆಗೆ ಹೋಗುತ್ತೇನೆಂದು ಗಂಟುಮೂಟೆ ಕಟ್ಟಿದ್ದ. ಅವನ ಚೀಲ ಕಸಿದು ನನ್ನ ಮೇಜಿನಡಿ ತಳ್ಳಿ, ಚಹಾ ತರಿಸಿಕೊಟ್ಟು, ‘ಒಡೆದಿದ್ದು ಗಾಜು ಕಣಯ್ಯಾ, ನೀನಲ್ಲ. ಕೂತ್ಕೋ, ಮೊದಲಿಂದ ಹೇಳ್ಕೊಡ್ತೀನಿ’ ಎಂದವರು ಯಾರು? ಅವನು ಈಗಲೂ ನಿಮ್ಮನ್ನು ವಿಚಾರಿಸುತ್ತಾನೆ. ನಿಮ್ಮ ನಿಯಮದಲ್ಲಿ ಊರಿಗೆಲ್ಲ ಜಾಗವಿದೆ, ನಿಮಗೊಬ್ಬರಿಗೆ ಇಲ್ಲ. ಇದು ವಿನಯ ಎಂದು ನೀವು ಅಂದುಕೊಂಡಿರಬಹುದು. ನನಗೆ ಇದು ಜಂಬ ಎನ್ನಿಸುತ್ತದೆ. ಬೇರೆಯವರೆಲ್ಲ ತಪ್ಪು ಮಾಡಬಹುದು, ನಾನು ಮಾತ್ರ ಮಾಡಬಾರದಿತ್ತು ಎನ್ನುವುದು ಇನ್ನೇನು? ಬೇಜಾರಾಯಿತೇ? ಆಗಲಿ. ನಾನು ಬೇಜಾರು ಮಾಡಿಕೊಂಡು ತಿಂಗಳುಗಳಾದವು.

ಶುಕ್ರವಾರ ಮುಖ್ಯಸ್ಥರು ನನ್ನ ಕೋಣೆಗೆ ಬಂದಿದ್ದರು. ಆರು ತಿಂಗಳು ಬಳಸದವರ ಕಾರ್ಡು ಮತ್ತೆ ತರಬೇತಿಯಾಗುವವರೆಗೆ ಮುಚ್ಚಬೇಕಲ್ಲ, ಗಿರಗಿಟ್ಲೆಗೆ ನಿಮ್ಮದು ಮುಚ್ಚಿದೆ ಎಂದು ಅವರಿಗೆ ಗೊತ್ತಾಗಿದೆ. ‘ಅವರಿಗೇನು ಟ್ರೇನಿಂಗು ಮೇಡಂ? ರೂಲ್ಸ್ ಬರೆದೋರೇ ಅವರು. ಆನ್ ಮಾಡಿ ಇಟ್ಬಿಡಿ, ಯಾರಿಗೂ ಗೊತ್ತಾಗಲ್ಲ, ಅವರಿಗೂ ಬರೋಕೆ ಧೈರ್ಯ ಬರುತ್ತೆ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಇಲ್ಲವೆನ್ನುವುದಿಲ್ಲ. ಆಗಲ್ಲ ಸರ್ ಎಂದೆ. ಆನೆ ನಡೆದದ್ದೇ ದಾರಿ ಎಂದು ಬಿಟ್ಟರೆ ನಾಳೆ ಪ್ರತಿ ವಿಭಾಗದಿಂದಲೂ ಒಂದೊಂದು ಆನೆ ಬಂದು ನಿಲ್ಲುತ್ತದೆ. ಆದರೆ ನಾನು ಬೇಡವೆಂದದ್ದು ಅದಕ್ಕಲ್ಲ. ಕದ್ದು ತೆರೆದ ಬಾಗಿಲಿಂದ ನೀವು ಒಳಗೆ ಬಂದರೆ ಪ್ರತಿದಿನ ಆ ಯಂತ್ರದ ಮುಂದೆ ಕಳ್ಳನ ಹಾಗೆ ನಿಲ್ಲುತ್ತೀರಿ. ನಿಮ್ಮನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು. ಅವರು ಹೋಗುವಾಗ, ‘ನೀವು ಗಟ್ಟಿ ಇದ್ದೀರಿ ಬಿಡಿ’ ಎಂದರು. ಏನು ಗಟ್ಟಿಯೋ. ನಿಮ್ಮ ಕಾರ್ಡು ಮುಚ್ಚಿದವಳು ನಾನೇ, ಬೇರೆಯವರ ಕೈಯಲ್ಲಿ ಮಾಡಿಸಲು ಮನಸ್ಸು ಬರಲಿಲ್ಲ. ಪರದೆಯ ಮೇಲೆ ನಿಮ್ಮ ಮೀಸೆ ಇನ್ನೂ ಕಪ್ಪಾಗಿದ್ದ ಕಾಲದ ಫೋಟೋ ಮಂಕಾಯಿತು. ಕೈ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ನಿನ್ನೆ ಅತ್ತಿಗೆ ಫೋನು ಮಾಡಿದ್ದರು. ನೀವು ರಾಜೀನಾಮೆ ಬರೆದು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೀರಂತೆ. ಅಂಗಿ ಒಗೆಯಲು ಹಾಕಿದಾಗ ತೆಗೆದು ಇನ್ನೊಂದು ಅಂಗಿಗೆ ಹಾಕಿಕೊಳ್ಳುತ್ತೀರಂತೆ. ‘ನಡೆಯೋರು ಎಡವದೆ ಕೂತೋರು ಎಡವ್ತಾರೇನೇ, ಇವನಿಗೆ ನೀನಾದರೂ ಹೇಳು’ ಎಂದು ಅವರು ಅತ್ತರು. ನನಗೂ ಹೇಳಿ ಹೇಳಿ ಸಾಕಾಗಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ನಿಮ್ಮದು ಸಿಟ್ಟೂ ಅಲ್ಲ, ಬರೀ ನಾಚಿಕೆ, ಆದರೂ ಮೂಗು ಮೂಗೇ. ಕೆಲಸ ಬಿಟ್ಟು ಏನು ಮಾಡುತ್ತೀರಿ? ತರಕಾರಿ ತರುವಾಗಲೂ ಅಂಗಡಿಯವನ ತಕ್ಕಡಿಯ ಮುಳ್ಳು ಬಗ್ಗಿದೆ ಎಂದು ಅವನಿಗೆ ಪಾಠ ಮಾಡಿದವರು ನೀವು. ಕಲಿಸಲು ಎದುರಿಗೆ ಯಾರೂ ಇಲ್ಲದಿದ್ದರೆ ನಿಮಗೆ ಊಟ ಸೇರುವುದಿಲ್ಲ. ಅಲ್ಲೂ ಸರಿಯಾಗಿ ಊಟ ಮಾಡುತ್ತಿಲ್ಲ ಎಂಬುದು ನನಗೆ ಗೊತ್ತು.

ನನಗೆ ತುಂಬ ಸುಸ್ತಾಗಿದೆ ರೀ. ದಿನವಿಡೀ ಪರರ ಮಕ್ಕಳನ್ನು ಬೈದು ಮನೆಗೆ ಬಂದರೆ, ಇವತ್ತು ಯಾರಿಗೆ ಬೈದೆ ಎಂದು ಕೇಳುವವರಿಲ್ಲ. ಗ್ಯಾಸ್ ಆಫ್ ಮಾಡಿದೆನೇ ಎಂದು ಎದ್ದು ನೋಡಿ ಬರುವ ಕೆಲಸ ನಿಮ್ಮದಾಗಿತ್ತು, ಈಗ ನಾನು ಮಲಗಿದವಳು ಎದ್ದು ಹೋಗಿ ನೋಡುತ್ತೇನೆ, ಆಫ್ ಆಗಿಯೇ ಇರುತ್ತದೆ. ನೀವಿಲ್ಲದೆ ಇರಲಾರೆ ಎಂದೇನಿಲ್ಲ, ಇದ್ದೇನಲ್ಲ. ಆದರೆ ಇದು ಇರುವ ರೀತಿಯಲ್ಲ.

ಅತ್ತಿಗೆಯವರಿಗೆ ನನ್ನ ನಮಸ್ಕಾರ ಹೇಳಿ, ನನ್ನ ಪರವಾಗಿ ಅವರ ಕಾಲು ಒತ್ತಿ, ಪುಣ್ಯ ಅರ್ಧ ನಿಮಗೆ. ಮಾತ್ರೆ ಮರೆಯಬೇಡಿ. ಗಾಳಿಗೆ ಕುತ್ತಿಗೆ ಒಡ್ಡಿ ಕೂರಬೇಡಿ.

ಇಂತಿ,
ನೀವೇ ಹೆಸರಿಟ್ಟ, ಈಗ ವಿಶ್ವವಿದ್ಯಾಲಯವೆಲ್ಲ ಹಾಗೇ ಕರೆಯುವ
ನಿಮ್ಮ ಕೀಲಿಕೈ

ತಾ.ಕ.: ಪಕ್ಕದ ಮನೆಯವರು ನಿಮ್ಮಕ್ಕನ ಊರಿನ ಕಡೆಗೇ ಹೊರಟಿದ್ದಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ, ಕೆಳಗೆ ಕಾರು ನಿಂತಿದೆ, ಹಾರ್ನ್ ಹೊಡೆಯುತ್ತಿದ್ದಾರೆ. ಗಿರಗಿಟ್ಲೆಯ ಪಾಠ ಪಿಸುಮಾತಿಗೆ ಬಿಟ್ಟದ್ದು ಪುರುಸೊತ್ತಿಲ್ಲದೆ ಅಲ್ಲ. ಆ ದಿನದಿಂದ ನಾನು ಅದನ್ನು ಮುಟ್ಟಿಲ್ಲ. ಅದರ ಸದ್ದು ಏರತೊಡಗಿದರೆ ಏನೋ ನೆಪ ಹೇಳಿ ಕಾರಿಡಾರಿಗೆ ಬಂದುಬಿಡುತ್ತೇನೆ. ನಿಮ್ಮ ಕಾರ್ಡು ಮುಚ್ಚಿದ ದಿನವೇ ನನ್ನದನ್ನೂ ಮುಚ್ಚಿದೆ. ಗಂಡನಿಗೊಂದು ಹೆಂಡತಿಗೊಂದು ನಿಯಮ ಇಲ್ಲವಲ್ಲ. ಬರುವ ತಿಂಗಳ ಮೊದಲ ಸೋಮವಾರ ಹೊಸಬರ ತರಬೇತಿ, ಕಲಿಸುವವಳು ಪಿಸುಮಾತು. ನಮ್ಮಿಬ್ಬರ ಹೆಸರನ್ನೂ ಕೊಟ್ಟಿದ್ದೇನೆ. ‘ಸರ್ ತಪ್ಪು ಮಾಡಿದ್ರೆ ಬೈಬಹುದಾ ಮೇಡಂ?’ ಎಂದು ಕೇಳಿದಳು, ಧಾರಾಳವಾಗಿ ಬೈಯಮ್ಮಾ ಎಂದೆ. ಇಬ್ಬಿಬ್ಬರ ಜೋಡಿ: ಒಬ್ಬರು ಒಂದು ಕೊಳವೆ ತುಂಬಿ ತೂಗಬೇಕು, ಎದುರಿನದನ್ನು ಇನ್ನೊಬ್ಬರು ಅಷ್ಟೇ ತೂಕಕ್ಕೆ ತರಬೇಕು. ಎಲ್ಲರಿಗೂ ಜೋಡಿಯಾಗಿದೆ. ನಿಮ್ಮ ಎದುರಿನ ಕೊಳವೆ ಯಾರದು ಮೇಡಂ ಎಂದಳು, ನಮ್ಮ ಮನೆಯವರದು ಎಂದೆ. ಜೇಬಿನಲ್ಲಿರುವುದನ್ನು ಹರಿದು ಹಾಕಿ, ಓದುವ ಕನ್ನಡಕ ಮರೆಯದೆ ತನ್ನಿ. ನೀವು ಬಾರದಿದ್ದರೆ ನನಗೂ ಪಾಠವಿಲ್ಲ. ಒಂದೇ ಕೊಳವೆ ಇಟ್ಟು ಅದನ್ನು ತಿರುಗಿಸುವ ಹಾಗಿಲ್ಲ ಎಂಬುದೂ ನಿಮ್ಮದೇ ನಿಯಮ.