ಪುಟ್ಟಿಗೆ ಒಗ್ಗಿದ ಬಕ್‌ವೀಟ್ ಬ್ರೆಡ್

ಮಾವ,

ಬೆಳಗಿನ ಪಾಳಿಗೆ ಹೊರಟೆ. ಒಳ್ಳೇ ನಿದ್ದೆಯಲ್ಲಿದ್ದಿರಿ, ಎಬ್ಬಿಸಲಿಲ್ಲ. ಶುಗರ್ ಮಾತ್ರೆ ಫ್ರಿಜ್ ಮೇಲಿದೆ. ನುಂಗದೆ ನುಂಗಿದೆ ಅನ್ನಬೇಡಿ.

ಪುಟ್ಟಿಗೆ ಗೋಧಿ ಆಗಲ್ಲ ಅಂತ ಡಾಕ್ಟರ್ ಹೇಳಿದ ದಿನ, ಜೀವಮಾನವೆಲ್ಲ ಬೇಕರಿಯಲ್ಲಿ ಮೈದಾ ನಾದಿದ ನೀವು ಅರ್ಧ ಊಟಕ್ಕೇ ಎದ್ದುಬಿಟ್ಟಿರಿ. ನಾನು ಬಕ್‌ವೀಟ್ ಹಿಟ್ಟು ತಂದರೆ, "ಹೆಸರಲ್ಲೇ ವೀಟ್ ಇದೆಯಲ್ಲಮ್ಮ, ಬುದ್ಧಿ ನೆಟ್ಟಗಿದ್ಯಾ?" ಅಂತ ರೇಗಿದಿರಿ. ಅದು ಗೋಧಿಯ ಜಾತಿಯೇ ಅಲ್ಲ, ಅವಳ ಹೊಟ್ಟೆ ಕೆಡಿಸುವ ಗ್ಲುಟನ್ ಅದರಲ್ಲಿಲ್ಲ, ಪ್ರೋಟೀನು, ನಾರು, ಮೆಗ್ನೀಷಿಯಂ ಚೆನ್ನಾಗಿದೆ ಅಂದರೂ ನಂಬಲಿಲ್ಲ. ಆದರೂ ಆ ಹಿಟ್ಟಲ್ಲೇ ಮತ್ತೆ ಮತ್ತೆ ಮಾಡಿ, ಇಟ್ಟಿಗೆಯಂತಾದ ಬ್ರೆಡ್ಡುಗಳಿಗೆ ಸೋಲದೆ, ನಿನ್ನೆ ಮೆತ್ತಗಿನದು ಮಾಡಿಯೇಬಿಟ್ಟಿರಲ್ಲ! ಪುಟ್ಟಿ "ತಾತಾ, ಇನ್ನೊಂದು" ಅಂದಾಗ ನೀವು ಗೋಡೆ ಕಡೆ ತಿರುಗಿ ಏನನ್ನೋ ಹುಡುಕುತ್ತಾ ನಿಂತದ್ದು ನನಗೆ ಕಾಣಿಸಿತು. ನಿಮ್ಮ ಕೈಗೆ ಶರಣು, ಮಾವ.

ಗೋಧಿ ಬ್ರೆಡ್ ಕೊಯ್ದ ಚಾಕು ಇದಕ್ಕೆ ತಾಗಿಸಬೇಡಿ. ನೀವೂ ಒಂದು ತುಂಡು ತಿನ್ನಿ. ಮೈದಾ ತಿಂದಾಗಿನಂತೆ ಸಕ್ಕರೆ ದಿಢೀರನೆ ಏರುವುದಿಲ್ಲ. ಆದರೆ ಜಾಮ್ ಮುಟ್ಟಿದರೆ ನೋಡಿ!

ಪುಟ್ಟಿಯ ಶಾಲೆಯ ಡಬ್ಬಿಗೆ ನಾಲ್ಕು ತುಂಡು ಜಾಸ್ತಿಯೇ ಹಾಕಿ. ಮಿಕ್ಕ ಮಕ್ಕಳು ಹಂಚಿಕೊಂಡು ತಿನ್ನುವಾಗ ಅವಳು ದೂರ ಕೂರುತ್ತಿದ್ದಳು. ಇವತ್ತು ಅವಳೇ ಹಂಚಲಿ.

ನಿಮ್ಮ ಸೊಸೆ