ನಾಗುಮೊ ಅವರ ಕಣ್ಣಿನ ಅರ್ಜಿ

1987 ನವೆಂಬರ್ 9, ಸೋಮವಾರ

ಮತ್ತೆ ಅದೇ ಫೋನು. ಕ್ಯಾನ್ಸರ್ ಆದವರ ಕಣ್ಣು ತೆಗೆದುಕೊಳ್ಳುತ್ತೀರಾ ಅಂತ. ತೆಗೆದುಕೊಳ್ಳುತ್ತೇವೆ. ಕಣ್ಣಿನ ಮುಂದಿನ ಆ ಪಾರದರ್ಶಕ ಪದರಕ್ಕೆ ರಕ್ತನಾಳವೇ ಇಲ್ಲ, ರೋಗ ಅಲ್ಲಿಗೆ ಹೋಗುವುದು ತೀರಾ ಅಪರೂಪ. ರಕ್ತದ ಕ್ಯಾನ್ಸರ್, ಕಣ್ಣಿನದೇ ಗೆಡ್ಡೆ — ಅವು ಬೇಡ. ಹನ್ನೊಂದು ವರ್ಷದಿಂದ ನೇತ್ರ ಬ್ಯಾಂಕಿನಲ್ಲಿ ಇದೇ ಪಾಠ ಒಪ್ಪಿಸುತ್ತಿದ್ದೇನೆ. ಈ ಮಾತ್ಸುಯೆ ಊರಿನಲ್ಲಿ ಇದನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಇನ್ನೊಬ್ಬರಿಲ್ಲ.

ಮಧ್ಯಾಹ್ನ ಮೂರನೇ ವಾರ್ಡಿನಲ್ಲಿ ನೇತ್ರದಾನದ ಅರ್ಜಿ ಬರೆಸಬೇಕು. ನಾಗುಮೊ ತೊಕುಜಿ, ಅರವತ್ತೆಂಟು, ಸಹಿಯ ಬದಲು ಒತ್ತುವ ಹೆಸರಿನ ಮುದ್ರೆ ಕೆತ್ತುವವರು.

ಅದೇ ದಿನ, ಸಂಜೆ 5

ಏನು ಮಾಡಿಬಿಟ್ಟೆ.

ಅವರ ಹೆಂಡತಿ ಹಾತ್ಸುಎ ಚಹಾ ತರಲು ಹೋಗಿದ್ದರು. ನಾಗುಮೊ ಕೇಳಿದರು, "ಈ ವಯಸ್ಸಲ್ಲಿ ನನ್ನ ಕಣ್ಣು ನಡಿಯುತ್ತೇನಮ್ಮಾ? ಮಾತ್ರೆ ಬೇರೆ ನುಂಗ್ತಾ ಇದೀನಿ."

"ಧಾರಾಳವಾಗಿ. ನಿಮ್ಮ ಥರ ಹೊಟ್ಟೆ ಕ್ಯಾನ್ಸರ್‌ನವರು ಎಷ್ಟೋ ಜನ ಕೊಟ್ಟಿದಾರೆ."

ಮುದ್ರೆ ಹಿಡಿದ ಕೈ ನಿಂತಿತು. ಆಮೇಲೆ ಅರ್ಜಿಯ ಮೇಲೆ ಒತ್ತಿದರು. ನೇರವಾಗಿಯೇ ಬಿತ್ತು.

"ಹೊಟ್ಟೇಲಿ ಹುಣ್ಣು ಅಂದಿದ್ರು," ಅಂದರು.

ವಾರ್ಡಿನ ಚೀಟಿಯಲ್ಲಿ ಎರಡನೇ ಸಾಲು — ರೋಗಿಗೆ ಹುಣ್ಣು ಎಂದು ತಿಳಿಸಲಾಗಿದೆ. ನಾನು ಅದನ್ನು ಓದಿರಲೇ ಇಲ್ಲ. ಓದಬೇಕಾದರೂ ಏನಿತ್ತು? ಇಲ್ಲಿ ಯಾರಿಗೆ ತಾನೇ ನಿಜ ಹೇಳುತ್ತಾರೆ? ನಮ್ಮಪ್ಪನಿಗೂ ನಾವು ಹುಣ್ಣು ಎಂದೇ ಹೇಳಿ ಕಳಿಸಿಕೊಟ್ಟೆವು.

ತಲೆ ಬಾಗಿಸಿ ಕ್ಷಮೆ ಕೇಳಿದೆ. "ತಲೆ ಎತ್ತಮ್ಮ, ಅವಳು ಬರ್ತಾಳೆ," ಅಂದರು. "ಅವಳ ಹತ್ರ ಬಾಯಿ ಬಿಡ್ಬೇಡಿ. ನಾಲ್ಕು ತಿಂಗಳಿಂದ ಹುಣ್ಣು ಹುಣ್ಣು ಅಂತ ನಾಟಕ ಆಡಿ ಆಡಿ ಸುಸ್ತಾಗಿದಾಳೆ, ಪಾಪ."

ನವೆಂಬರ್ 13

ಅರ್ಜಿಯ ಪ್ರತಿ ಕೊಡಲು ಹೋಗಲೇಬೇಕಾಯಿತು. ಹಾತ್ಸುಎ ಕಪ್ಪೆಚಿಪ್ಪಿನ ಸಾರು ಕುಡಿಸುತ್ತಿದ್ದರು. "ಹುಣ್ಣು ಒಣಗ್ತಾ ಇದೆ ಕಣ್ರೀ. ಮಾರ್ಚಿಗೆಲ್ಲಾ ಮನೆಗೆ ಹೋಗ್ಬಹುದು."

"ಹೋದ ತಕ್ಷಣ ಕೆಲಸಕ್ಕೆ ಹಚ್ತಾಳೆ ನೋಡಿ," ಅಂದರು ನಾಗುಮೊ. ನನ್ನ ಕಡೆ ಮಾತ್ರ ನೋಡಲಿಲ್ಲ.

ಇಬ್ಬರೂ ನಕ್ಕರು. ನಾನೂ ನಕ್ಕೆ. ನಾಚಿಕೆಗೆಟ್ಟವಳು.

ಡಿಸೆಂಬರ್ 21

ಮೂರನೇ ವಾರ್ಡಿನ ಕಡೆ ತಲೆ ಹಾಕಿಲ್ಲ. ಕೆಲಸ ಇತ್ತು ಅಂತ ಬರೆಯಲು ಹೊರಟಿದ್ದೆ... ಇರಲಿಲ್ಲ. ಹೇಡಿ.

1988 ಜನವರಿ 19, ಮಂಗಳವಾರ

ಬೆಳಗ್ಗೆ ಏಳಕ್ಕೆ ನಾಗುಮೊ ತೀರಿಕೊಂಡರು. ಎಂಟೂವರೆಗೆ ಫೋನು. ಎರಡೂ ಕಣ್ಣು ಚೆನ್ನಾಗಿವೆ ಅಂದರು ಡಾಕ್ಟರು. ಇಬ್ಬರಿಗೆ ಆಗುತ್ತದೆ.

ಒಪ್ಪಿಗೆ ಪತ್ರಕ್ಕೆ ಹಾತ್ಸುಎ ಮುದ್ರೆ ಒತ್ತಿದರು. ಆಮೇಲೆ ನನ್ನನ್ನು ಕಾರಿಡಾರಿಗೆ ಕರೆದರು.

"ಒಂದು ಮಾತು. ಅರ್ಜಿ ಬರೆಸಿದ ದಿನ ನೀವಿಬ್ರೇ ಇದ್ರಲ್ಲ. ಅವರಿಗೇನಾದ್ರೂ ಗೊತ್ತಾಗಿತ್ತಾ?"

ಬಾಯಿ ಬಿಡಬೇಡಿ ಅಂತ ನಾಗುಮೊ ಕೇಳಿಕೊಂಡಿದ್ದ ಮಾತು. ಅದು ಇಲ್ಲದಿದ್ದರೂ ಇದನ್ನೇ ಹೇಳುತ್ತಿದ್ದೆ, ನನ್ನನ್ನು ಉಳಿಸಿಕೊಳ್ಳಲು.

"ಇಲ್ಲ," ಅಂದೆ.

ಕೈ ಹಿಡಿದುಕೊಂಡು ಅತ್ತರು. "ಕೊನೇವರೆಗೂ ತಿಳಿಯದ ಹಾಗೆ ಕಾಪಾಡಿದ್ವಿ. ಅಷ್ಟು ಸಾಕು ನನಗೆ. ನೀವೂ ಜೋಪಾನವಾಗಿ ಮಾತಾಡಿದ್ರಿ, ಉಪಕಾರ ಆಯ್ತು." ಸೊಂಟದವರೆಗೆ ಬಾಗಿದರು. ನಾನು ಇನ್ನೂ ಕೆಳಗೆ ಬಾಗಿದೆ. ಅವರು ತಲೆ ಎತ್ತಲಿಲ್ಲ. ನಾನು ಹೇಗೆ ಎತ್ತಲಿ —