ಟೇಪ್ ಹಾಳಾಗಿಲ್ಲ, ಮಾಸ್ಟ್ರೇ

ಪಾಣೆಮಂಗಳೂರು
೧೭-೧೧-೧೯೮೫

ಪ್ರೀತಿಯ ಕೇಶವಪ್ರಸಾದ ಮಾಸ್ಟ್ರಿಗೆ,

ನಿಮ್ಮ ಶುಕೂರನ ಸಲಾಂ. ನಿಮ್ಮ ಎರಡು ಕಾಗದಗಳೂ ತಲುಪಿವೆ. ಎರಡನೆಯದರ ಜೊತೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಕಳಿಸಿದ ಕ್ಯಾಸೆಟ್ಟೂ ತಲುಪಿದೆ. ಉತ್ತರ ಇಷ್ಟು ತಡವಾದದ್ದಕ್ಕೆ ಬೈಯಬೇಡಿ. ಬೈದರೂ ಅಡ್ಡಿಯಿಲ್ಲ, ಹೊಸ ಕ್ಯಾಸೆಟ್ ಕೇಳಿ ಬಂಟ್ವಾಳದವರು, ಮೂಡಬಿದ್ರೆಯವರು ಬೈದಾಯಿತು, ಬೆಳ್ತಂಗಡಿಯಿಂದಲೂ ನಿಮ್ಮ ಪಾಲಿನದ್ದು ಬರಲಿ. ಮಂಡಿನೋವು ಹೇಗಿದೆ? ಹಾರ್ಮೋನಿಯಂ ಮುಂದೆ ಚಕ್ಕಳಮಕ್ಕಳ ಹಾಕಿ ಕೂರಬೇಡಿ ಎಂದು ಡಾಕ್ಟ್ರು ಹೇಳಿದ್ದನ್ನು ನೀವು ಕೇಳುವವರಲ್ಲ ಎಂದು ನನಗೆ ಗೊತ್ತು. ವಾಗ್ದೇವಿ ಅಕ್ಕನವರಿಗೆ ಉಪ್ಪಿನಕಾಯಿ ಮುಗಿಯಿತು ಎಂದು ತಿಳಿಸಿ. ಹಾಗೆಂದರೆ ಏನರ್ಥ ಎಂದು ಅವರಿಗೆ ತಿಳಿಯುತ್ತದೆ.

ನೀವು ಬರೆದಿದ್ದೀರಿ: “ಶುಕೂರರೇ, ನನಗೆ ಬಂದದ್ದು ಹಾಳಾದ ಟೇಪ್ ಎಂದು ಕಾಣುತ್ತದೆ. ಬುಲ್‌ಬುಲ್ ತಂತಿ ಸ್ವಲ್ಪ ಕೇಳಿಸುತ್ತದೆ, ಮತ್ತೆ ಖಾಲಿ. ಪುನಃ ಸ್ವಲ್ಪ, ಪುನಃ ಖಾಲಿ. ಬದಲಿಸಿ ಕಳಿಸಿ.” ಇದಕ್ಕೆ ಉತ್ತರ ಆಮೇಲೆ ಹೇಳುತ್ತೇನೆ. ಮೊದಲು ಇಲ್ಲಿಯ ಸಮಾಚಾರ ಕೇಳಿ.

ಕ್ಯಾಸೆಟ್ ಅಂಗಡಿಯ ಮೊಯ್ದೀನ್ ನನ್ನನ್ನು ನಂಬಿ ಮೋಸಹೋದ. ನಮ್ಮ ವಾದ್ಯದ ಮೇಳ ‘ಶುಕೂರ್ ಪಾರ್ಟಿ’ಯ ಬುಲ್‌ಬುಲ್ ಇಲ್ಲದೆ ನೆರಿಯದವರೆಗೆ ಮದುವೆಗಳೇ ಆಗುತ್ತಿರಲಿಲ್ಲವಲ್ಲ, ಹೊಸ ಕ್ಯಾಸೆಟ್ ಎಂದರೆ ಮದುವೆಯ ಹಾಡುಗಳೇ ಎಂದುಕೊಂಡ. ಕೇಳುವ ಮೊದಲೇ ಹೊದಿಕೆ ಅಚ್ಚು ಹಾಕಿಸಿದ. ಅದರ ಮೇಲೆ ಮಲ್ಲಿಗೆಯ ಮಾಲೆ, ಹಲ್ಲು ಕಿರಿದ ನನ್ನ ಹಳೆಯ ಫೋಟೋ, ಕೆಳಗೆ ‘ಮಧುರ ಬುಲ್‌ಬುಲ್’ ಎಂಬ ಹೆಸರು. ಶುಕ್ರವಾರ ಜುಮಾ ಮುಗಿದ ಮೇಲೆ ಅಂಗಡಿಯ ಮುಂದೆ ಬೆಂಚು ಹಾಕಿ, ಎಲ್ಲರಿಗೂ ಶರಬತ್ತು ಕೊಟ್ಟು ಕ್ಯಾಸೆಟ್ ಹಾಕಿದ. ನಾನು ಮೂಲೆಯಲ್ಲಿ ಕುಳಿತಿದ್ದೆ, ಹೊಸ ಮದುಮಗನ ಹಾಗೆ.

ಕ್ಯಾಸೆಟ್ಟಿನಲ್ಲಿ ನಾನು ಒಂದು ತಂತಿ ಮೀಟಿ, ಅದರ ನಾದ ಸಾಯುವವರೆಗೆ ಬಿಟ್ಟು, ಮತ್ತೊಂದು ಮೀಟಿದ್ದೇನೆ. ಮತ್ತೆ ಸದ್ದಿಲ್ಲ. ಜನ ತಲೆಯಾಡಿಸಲು ಕಾದರು. ಚಪ್ಪಾಳೆಯ ತಾಳ ಹಿಡಿಯಲು ಕೈಯೆತ್ತಿದವರು ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡರು. “ಇದು ಶುರುವಿನದ್ದು, ಹಾಡು ಈಗ ಬರ್ತದೆ,” ಎಂದು ಒಬ್ಬರು ಇನ್ನೊಬ್ಬರಿಗೆ ಸಮಾಧಾನ ಹೇಳಿದರು. ಹೀಗೆ ಕಾಯುತ್ತ ಕಾಯುತ್ತ ಮೊದಲ ಬದಿ ಮುಗಿಯಿತು. ಮೊಯ್ದೀನ್ ಕ್ಯಾಸೆಟ್ ತೆಗೆದು ಪೆನ್ಸಿಲ್ ತೂರಿಸಿ ಸುತ್ತಿದ, ಊದಿದ, ಪುನಃ ಹಾಕಿದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, “ಶುಕೂರಾಕ, ಒಂದೇ ಒಂದು ನಿಕಾಹ್‌ನ ಹಾಡಾದರೂ ಹಾಕಬಹುದಿತ್ತಲ್ಲ,” ಎಂದ. ಪಾಪ, ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಮೂಡಬಿದ್ರೆ ಬಸ್ಸಿನ ಡ್ರೈವರ್ ಕೂಸಪ್ಪ ನಿಮಗೆ ಗೊತ್ತಲ್ಲ, ನಮ್ಮ ಪಾರ್ಟಿಯ ದೊಡ್ಡ ಅಭಿಮಾನಿ. ಅವನ ಬಸ್ಸಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಾವೇ. ಹೊಸದನ್ನೂ ಹಾಕಿದ. ಖಾಲಿ ಬಂದಾಗಲೆಲ್ಲ ಟೇಪ್‌ರೆಕಾರ್ಡರಿಗೆ ಒಂದು ಪೆಟ್ಟು ಕೊಟ್ಟನಂತೆ. ಪೆಟ್ಟು ಬಿದ್ದ ಮೇಲೆ ಹೇಗೂ ಬುಲ್‌ಬುಲ್ ಬರುತ್ತದೆ; ತನ್ನ ಪೆಟ್ಟಿನಿಂದಲೇ ಬಂತು ಎಂದು ಅವನ ಲೆಕ್ಕ. ಸಿದ್ಧಕಟ್ಟೆ ತಲುಪುವಾಗ ಅಂಗೈ ಕೆಂಪಾಗಿತ್ತಂತೆ. ಮರುದಿನ ಸೇತುವೆಯ ಹತ್ತಿರ ನನ್ನನ್ನು ಕಂಡು ಬಸ್ಸನ್ನೇ ನಿಲ್ಲಿಸಿದ. “ಎಂತ ಬ್ಯಾರಿಗಳೇ ಇದು? ನಿಮ್ಮ ಕ್ಯಾಸೆಟ್ ಹಾಕಿದರೆ ಬಸ್ಸಿಡೀ ಸಾವಿನ ಮನೆಯ ಹಾಗೆ ಆಗ್ತದೆ ಮಾರಾಯ್ರೇ. ಹಿಂದಿನ ಸೀಟಿನ ಒಬ್ಬಳು ಹೆಂಗಸು ಸುಮ್ಮನೆ ಅಳ್ಲಿಕ್ಕೆ ಶುರು ಮಾಡಿದಳು. ಯಾಕೆ ಕೇಳಿದರೆ ಗೊತ್ತಿಲ್ಲ ಅಂತಾಳೆ. ನನಗೆ ಹಳೇದೇ ಸಾಕು,” ಎಂದ. ಎಂದವನು ಕ್ಯಾಸೆಟ್ಟನ್ನು ವಾಪಸ್ ಮಾತ್ರ ಕೊಡಲಿಲ್ಲ.

ಹೊಗಳಿದವರೂ ಇದ್ದಾರೆ, ಇಲ್ಲ ಎನ್ನಬಾರದು. ಮೂಡಬಿದ್ರೆಯ ಬ್ಯಾಂಕಿನಲ್ಲಿರುವ ಬಾಲಸುಬ್ರಹ್ಮಣ್ಯರು, ಪತ್ರಿಕೆಗಳಿಗೆ ಸಂಗೀತದ ಬಗ್ಗೆ ಬರೆಯುವವರು, ಮನೆಗೇ ಬಂದರು. “ಹೊರದೇಶದಲ್ಲಿ ಈಗ ಇಂಥ ಸಂಗೀತ ಉಂಟು ಸಾಹೇಬ್ರೇ. ಕಿವಿಗೊಟ್ಟು ಕೇಳ್ಲಿಕ್ಕೆ ಅಲ್ಲ, ಊದುಬತ್ತಿಯ ಹೊಗೆಯ ಹಾಗೆ ಕೋಣೆಯಲ್ಲಿ ಇರ್ಲಿಕ್ಕೆ. ನೀವು ಪಾಣೆಮಂಗಳೂರಿನಲ್ಲಿ ಕೂತು ಅದನ್ನು ಮಾಡಿದ್ದೀರಿ. ಅದರಲ್ಲೂ ಆ ಮೌನ. ಅದನ್ನು ಎಲ್ಲಿ ಎಷ್ಟು ಬಿಡಬೇಕೆಂದು ಹೇಗೆ ನಿಶ್ಚಯ ಮಾಡಿದಿರಿ?” ಎಂದು ಪೆನ್ನು ತೆರೆದು ಕುಳಿತರು. “ಅದು ನಾನು ನಿಶ್ಚಯ ಮಾಡಿದ್ದಲ್ಲ,” ಎಂದೆ. ಅದನ್ನೂ ದೊಡ್ಡ ಮಾತು ಎಂದು ಬರೆದುಕೊಂಡರು. ಬೈದವರ ಮುಂದೆ ನಗುತ್ತ ಕುಳಿತವನಿಗೆ ಅವರ ಹೊಗಳಿಕೆಯ ಮುಂದೆ ಕೂರಲಾಗಲಿಲ್ಲ ಮಾಸ್ಟ್ರೇ. ಚಾ ಹೇಳುವ ನೆವದಲ್ಲಿ ಒಳಗೆ ಹೋಗಿ, ನೀರಿನ ಹಂಡೆಯ ಪಕ್ಕ ನಿಂತು ಕಣ್ಣೊರೆಸಿಕೊಂಡು ಬಂದೆ.

ಬದ್ರುದ್ದೀನ್ ಹೋದ ಮೇಲೆ ನಾನು ಬುಲ್‌ಬುಲ್ ಪೆಟ್ಟಿಗೆಯ ಬೀಗ ತೆಗೆದಿರಲಿಲ್ಲ, ನಿಮಗೆ ಗೊತ್ತು. ಒಬ್ಬನೇ ಮಗ, ದುಬೈಯಲ್ಲಿ ಕಟ್ಟಡದಿಂದ ಬಿದ್ದ, ಮಣ್ಣಾದದ್ದೂ ಅಲ್ಲೇ. ನಮಗೆ ಸಿಕ್ಕಿದ್ದು ಒಂದು ಟೆಲಿಗ್ರಾಂ. ಅವನ ಮುಖ ನೋಡದೆ ಯಾವ ಕೈಯಿಂದ ಮದುವೆಯ ಹಾಡು ಬಾರಿಸಲಿ? ನೀವು ಆಗ ಬಂದು ಜಗಲಿಯಲ್ಲಿ ನನ್ನ ಪಕ್ಕ ಕುಳಿತು ಹೋದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಅವನ ಕ್ಯಾಸೆಟ್‌ಗಳು ನೆನಪಿವೆಯೇ? ಹುಡುಗನಿಗೆ ಬರೆಯುವುದೆಂದರೆ ಆಗದು. ಊರಿಗೆ ಬರುವವರ ಕೈಯಲ್ಲಿ ತನ್ನ ಮಾತನ್ನೇ ಕ್ಯಾಸೆಟ್ ಮಾಡಿ ಕಳಿಸುತ್ತಿದ್ದ. “ಉಮ್ಮ, ಉಂಡಿರಾ?” ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ, ನಾವು ಉತ್ತರ ಹೇಳಲೆಂದು. ಅವನ ಉಮ್ಮ ಖತೀಜ ಟೇಪ್‌ರೆಕಾರ್ಡರಿನ ಮುಂದೆ ಕುಳಿತು, “ಹೂಂ, ಉಂಡೆ ಮಗನೇ,” ಎನ್ನುತ್ತಿದ್ದಳು. ಗಲ್ಫಿಗೆ ಮಕ್ಕಳನ್ನು ಕಳಿಸಿದ ಎಲ್ಲ ಮನೆಗಳಲ್ಲೂ ಹಾಗೆಯೇ. ನೀವೂ ಒಮ್ಮೆ ಬಂದಿದ್ದಾಗ, “ಮಾಸ್ಟ್ರು ಇದ್ದಾರಾ?” ಎಂದು ಅವನು ಕೇಳಿದ್ದಕ್ಕೆ, “ಇದ್ದೇನಪ್ಪ,” ಎಂದು ಎದ್ದು ನಿಂತಿರಿ. ನಾವೆಲ್ಲ ಎಷ್ಟು ನಕ್ಕೆವು. ನಾನು ಮಾತಿನವನಲ್ಲ; ಅವನು ಬಿಟ್ಟ ಜಾಗದಲ್ಲಿ ತೊಡೆಯ ಮೇಲಿನ ಬುಲ್‌ಬುಲ್ ಮೀಟುತ್ತಿದ್ದೆ. ನಾವು ಬಾಪ-ಮಗ ಮಾತಾಡಿಕೊಂಡದ್ದೆಲ್ಲ ಹಾಗೆಯೇ.

ಬರೆದದ್ದು ಜಾಸ್ತಿಯಾಯಿತು. ಹೊಳೆಯಲ್ಲಿ ನೀರು ಇಳಿದಿದೆ, ಬೆಳಗಿನ ಹೊತ್ತು ಸಣ್ಣ ಚಳಿ ಉಂಟು. ಮಂಡಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಿಸಿಕೊಳ್ಳಿ. ಅಲ್ಲಾಹು ನಿಮ್ಮನ್ನೂ ಅಕ್ಕನವರನ್ನೂ ಆರೋಗ್ಯದಲ್ಲಿಟ್ಟಿರಲಿ, ನಿಮ್ಮ ಮಕ್ಕಳು ನಿಮ್ಮ ಕಣ್ಣೆದುರು ಬಾಳಲಿ.

ಇತಿ ನಿಮ್ಮ
ಅಬ್ದುಲ್ ಶುಕೂರ್

ತಾ.ಕ.: ಕಾಗದ ಮಡಚಿದವನು ಪುನಃ ಬಿಡಿಸಿದ್ದೇನೆ. ನಿಮ್ಮ ಟೇಪ್ ಹಾಳಾಗಿಲ್ಲ ಮಾಸ್ಟ್ರೇ.

ಟೆಲಿಗ್ರಾಂ ಬಂದ ಮೇಲೆ, ಮೊದಲೇ ದುಬೈಯಿಂದ ಹೊರಟಿದ್ದ ಒಬ್ಬರು ಬದ್ರುವಿನ ಕ್ಯಾಸೆಟ್ ತಂದುಕೊಟ್ಟರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ, ನಗುತ್ತ ಕೊಟ್ಟರು. ಈ ವಿಷಯ ನಿಮಗೂ ಹೇಳಿರಲಿಲ್ಲ. ಖತೀಜ ಅದನ್ನು ಗೋಡೆಗೊರಗಿ ದಿನಾ ಕೇಳಿದಳು, ಒಂದು ಮಾತಿಗೂ ಉತ್ತರ ಹೇಳಲಿಲ್ಲ. ಆಮೇಲೆ ಟ್ರಂಕಿನ ತಳದಲ್ಲಿಟ್ಟಳು. ಅದರಲ್ಲಿ ಅವನು ಹೇಳುತ್ತಾನೆ: “ಬಾಪ, ನಿಮ್ಮ ಬುಲ್‌ಬುಲ್ ಕೇಳದೆ ತುಂಬ ಸಮಯ ಆಯ್ತು. ನನ್ನ ಮಾತಿಗೆಲ್ಲ ಬಾರಿಸಿಯೇ ಉತ್ತರ ಕಳಿಸಿ. ಮದುವೆಯದ್ದು ಬೇಡ, ಮೆಲ್ಲಗೆ ಬಾರಿಸಿ. ನಾನು ಕಾಯ್ತೇನೆ.”

ಅವಳು ತಂಗಿಯ ಮನೆಗೆ ಹೋಗಿದ್ದಾಗ ಅದನ್ನು ತೆಗೆದುಕೊಂಡು ಮಂಗಳೂರಿಗೆ ಹೋದೆ. ರೆಕಾರ್ಡಿಂಗ್ ಮಾಡುವವರು ಕಿವಿಗೆ ಹಾಕಲು ಕೊಟ್ಟದ್ದರಲ್ಲಿ ನನ್ನ ಮಗ ಮಾತಾಡುತ್ತಿದ್ದ. ಅವನು ಮಾತಾಡುವಾಗ ಕೈ ಎತ್ತಿಕೊಂಡೆ, ಅವನು ಸುಮ್ಮನಾದಾಗ ಮೀಟಿದೆ. ಹೊರಗಿನವರಿಗೆ ಸಿಕ್ಕಿದ್ದು ನನ್ನ ಉತ್ತರ ಮಾತ್ರ. ಅದನ್ನು ಕಳಿಸಲು ದುಬೈಯಲ್ಲಿ ಇನ್ನು ಯಾರಿದ್ದಾರೆ? ಅದಕ್ಕೇ ಮೊಯ್ದೀನ್‌ನ ಅಂಗಡಿಗೆ ಕೊಟ್ಟೆ.

ಖತೀಜಳಿಗೆ ಹೇಳುವ ಧೈರ್ಯ ಬರಲಿಲ್ಲ. ನಿನ್ನೆ ನೀವು ಕಳಿಸಿದ ಕ್ಯಾಸೆಟ್ ಹಾಳಾಗಿದೆಯೋ ಎಂದು ಹಾಕಿ ನೋಡಿದೆ. ಅವಳು ಒಳಗೆ ಮೀನು ಕೊಯ್ಯುತ್ತಿದ್ದವಳು ಬಾಗಿಲಿಗೆ ಬಂದು ನಿಂತಳು. ಒಂದು ಖಾಲಿ ಬಂತು. ಅವಳು ಹಾಗೆ ನಿಂತದ್ದನ್ನು ಕಂಡು, “ಮಾಸ್ಟ್ರ ಟೇಪ್ ಇದು,” ಎಂದು ಏನೋ ಹೇಳಲು ಹೊರಟೆ. ಅವಳು ಒದ್ದೆ ಕೈಯೆತ್ತಿ ತಡೆದಳು. “ನೀವು ಸ್ವಲ್ಪ ಸುಮ್ಮನಿರಿ. ಹುಡುಗ ಮಾತಾಡ್ತಿದ್ದಾನೆ,” ಎಂದಳು. ಆಮೇಲೆ ಬುಲ್‌ಬುಲ್ ಬಂತು. ಅದರ ಜೊತೆಗೇ ಅವಳು, “ಹೂಂ, ಉಂಡೆ ಮಗನೇ,” ಎಂದಳು.

ಕ್ಯಾಸೆಟ್ ಬದಲಿಸದೆ ಅದನ್ನೇ ಕಳಿಸಿದ್ದೇನೆ. ಎರಡನೆಯ ಬದಿಯ ಮೊದಲ ಖಾಲಿಯಲ್ಲಿ ಅವನು, “ಮಾಸ್ಟ್ರು ಇದ್ದಾರಾ?” ಎಂದು ಕೇಳುತ್ತಾನೆ. ಅಲ್ಲಿ ಏನು ಬಾರಿಸುವುದೆಂದು ನನಗೆ ತಿಳಿಯಲಿಲ್ಲ, ಖಾಲಿಯೇ ಬಿಟ್ಟಿದ್ದೇನೆ. ನೀವೇ ಹೇಳಿ.